ಓಣಿ ಎರಡು ವಾರ್ಡಿಗೆ ಹಂಚಿಹೋದರೆ

ಪ್ರಶ್ನೆ: ವಾರ್ಡ್ ಬದಲಾದರೆ ಆಸ್ತಿ ತೆರಿಗೆ ಏರುತ್ತದೆಯೇ? (ಧಾರವಾಡ)

ಇಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬಬೇಡಿ.

ಪ್ರಶ್ನೆ: ನಮ್ಮ ಓಣಿಯನ್ನು ಎರಡು ವಾರ್ಡಿಗೆ ಹಂಚಿದ್ದಾರೆ. 600 ಜನ ಸಹಿ ಮಾಡಿ ಕೊಟ್ಟ ಆಕ್ಷೇಪಣೆ ತಿರಸ್ಕೃತವಾಯಿತು. ಚುನಾವಣಾ ಆಯೋಗಕ್ಕೆ ಬರೆಯಬಹುದೇ? (ಹುಬ್ಬಳ್ಳಿ)

ಪ್ರತಿ ಸಲವೂ ಇದೇ ಪ್ರಶ್ನೆ. ಪಾಲಿಕೆ ವಾರ್ಡಿನ ಗಡಿ ಗೊತ್ತುಮಾಡುವುದು ರಾಜ್ಯ ಸರ್ಕಾರ. ಜಿಲ್ಲಾಧಿಕಾರಿಯಿಂದ ಪ್ರಸ್ತಾವನೆ ಹೋಗುತ್ತದೆ. ನಗರಾಭಿವೃದ್ಧಿ ಇಲಾಖೆ ರಾಜ್ಯಪತ್ರದಲ್ಲಿ ಕರಡು ಹೊರಡಿಸಿ, ಆಕ್ಷೇಪಣೆ ನೋಡಿ, ಅಂತಿಮಗೊಳಿಸುತ್ತದೆ. ಆ ಗಡಿಯೊಳಗೆ ಮತದಾರರ ಪಟ್ಟಿ ಮಾಡಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗದ ಕೆಲಸ. ದಿಲ್ಲಿಯ ಆಯೋಗಕ್ಕೆ ಇದರಲ್ಲಿ ಪಾತ್ರವೇ ಇಲ್ಲ. ಅಲ್ಲಿಗೆ ಸ್ಪೀಡ್ ಪೋಸ್ಟ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

ಸಹಿ ಎಷ್ಟಿವೆ ಎಂಬುದಕ್ಕಿಂತ ವಾರ್ಡುಗಳ ನಡುವೆ ಜನಸಂಖ್ಯೆ ಸರಿದೂಗುವ ಲೆಕ್ಕ ಕೂಡುತ್ತದೆಯೇ ಎಂಬುದು ಮುಖ್ಯ. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ ಸುಮಾರು 9.43 ಲಕ್ಷ. 2021ರ ಚುನಾವಣೆ ಹೊತ್ತಿಗೆ ವಾರ್ಡುಗಳು 67ರಿಂದ 82ಕ್ಕೆ ಏರಿದವು. ಅಂದರೆ ವಾರ್ಡಿಗೆ ಸರಾಸರಿ 11,500 ಜನ. ಕೂಡಿ ಕಳೆಯುವುದು ಜನಗಣತಿಯ ಬ್ಲಾಕುಗಳನ್ನು, ಅಂದರೆ ಎಣಿಕೆಗೆಂದು ಗುರುತಿಸಿದ ಸಣ್ಣ ಸಣ್ಣ ತುಂಡುಗಳನ್ನು. ನಿಮ್ಮ ಬಡಾವಣೆಯಲ್ಲಿ ಆಮೇಲೆ ಎದ್ದ ಅಪಾರ್ಟ್‌ಮೆಂಟ್ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಯಾವ ಬ್ಲಾಕನ್ನು ಯಾವ ವಾರ್ಡಿನಿಂದ ಯಾವುದಕ್ಕೆ ತರಬೇಕು, ತಂದ ಮೇಲೆ ಎರಡೂ ವಾರ್ಡುಗಳ ಜನಸಂಖ್ಯೆ ಎಷ್ಟಾಗುತ್ತದೆ ಎಂದು ಬರೆಯಿರಿ. ನಿಮಗೆ 900 ಜನ ಬಂದರೆ ಪಕ್ಕದ ವಾರ್ಡಿಗೆ 900 ಕಡಿಮೆ. ಅದನ್ನು ಎಲ್ಲಿಂದ ತುಂಬಬೇಕೆಂದು ಹೇಳದ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ.

ಚಕ್ಕುಬಂದಿಗೆ ಉಣಕಲ್ ನಾಲಾ, ಪಿ.ಬಿ. ರಸ್ತೆ, ರೈಲ್ವೆ ಹಳಿಯಂಥ ಗುರುತು ಹಿಡಿಯಿರಿ, ಕೈನಕ್ಷೆ ಲಗತ್ತಿಸಿ. 'ಹನುಮಪ್ಪನ ಗುಡಿಯಿಂದ ಹಿಟ್ಟಿನ ಗಿರಣಿತನಕ' ಎಂದರೆ ಬೆಂಗಳೂರಿನ ಗುಮಾಸ್ತರಿಗೆ ಏನು ತಿಳಿಯಬೇಕು? ಗಡುವು, ವಿಳಾಸ ಕರಡಿನಲ್ಲೇ ಇರುತ್ತವೆ. ಸ್ವೀಕೃತಿ ಮುದ್ರೆಯಿಲ್ಲದ ಪ್ರತಿ ರದ್ದಿಗೆ ಸಮ. 'ವಿಧಾನಸೌಧದಾಗ ನಮ್ಮ ಮಂದಿ ಅದಾರ, ವಾರ್ಡ್ ಬದಲಿ ಮಾಡಸ್ತೀನಿ' ಎಂದು ರೊಕ್ಕ ಕೇಳುವವನಿಗೆ ಚಹಾ ಕೂಡ ಕುಡಿಸಬೇಡಿ.

ಅಂತಿಮ ಅಧಿಸೂಚನೆ ಬಂದಮೇಲೆ ದಾರಿ ಕಿರಿದು. ಕ್ಷೇತ್ರ ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಸಂವಿಧಾನದ 243 ಝಡ್‌ಜಿ ವಿಧಿ ಅಡ್ಡ ನಿಲ್ಲುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ ಬಹುಮಟ್ಟಿಗೆ ವಕೀಲರ ಫೀಸಿಗಷ್ಟೇ. 'ಪ್ರಕ್ರಿಯೆಯನ್ನೇ ನಿಲ್ಲಿಸಿ' ಎಂದು ಕೇಳಲು ನಾನಂತೂ ಹೇಳುವುದಿಲ್ಲ. ಹಿಂದಿನ ಪಾಲಿಕೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ನಡುವಿನ ಎರಡೂವರೆ ವರ್ಷ ಗಟಾರ ತುಂಬಿದರೆ ಕೇಳಲು ಸದಸ್ಯರೇ ಇರಲಿಲ್ಲ.

ಪ್ರಶ್ನೆ: ಮನೆ ಒಂದು ವಾರ್ಡಿನಲ್ಲಿ, ಹೆಸರು ಪಕ್ಕದ ವಾರ್ಡಿನಲ್ಲಿ. (ಗದಗ)

ಅದು ಗಡಿಯದಲ್ಲ, ಪಟ್ಟಿಯ ತಪ್ಪು. ಕರಡು ಮತದಾರರ ಪಟ್ಟಿ ಹೊರಬಿದ್ದಾಗ ಆಕ್ಷೇಪಿಸಿ.

ಪ್ರಶ್ನೆ: ಗ್ರಾಮ ಪಂಚಾಯಿತಿಗೆ ಸದಸ್ಯರನ್ನು ಹೆಚ್ಚಿಸಲು ಶಾಸಕರಿಗೆ ಮನವಿ ಕೊಡಬೇಕೇ? (ಹಾವೇರಿ)

ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂದು ಕಾಯ್ದೆಯೇ ಹೇಳುತ್ತದೆ. ಮನವಿ ಬಿಡಿ, ಭಾಗಾಕಾರ ಮಾಡಿ.