‘ಪಾತ್ರ ವಹಿಸಿದ’ ಅಂದರೆ ಏನು ಮಾಡಿದ?

ನಮಸ್ಕಾರ.

‘ದೊರೆಯ ವಿರುದ್ಧ ಸಿಡಿದೆದ್ದ ಪಾಳೆಯಗಾರ’ ಎಂಬ ನಿಮ್ಮ ಲೇಖನ ತಲುಪಿ ಮೂರು ವಾರವಾಯಿತು. ಎರಡು ಸಲ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸಾಗಲಿಲ್ಲ. ನೀವು ಒಪ್ಪಿದ್ದರಿಂದ, ನಿಮ್ಮ ಹೆಸರು ಬಿಟ್ಟು, ಈ ಉತ್ತರವನ್ನು ಉಳಿದ ಬರಹಗಾರರೂ ಓದಲಿ ಎಂದು ಇಲ್ಲೇ ಹಾಕುತ್ತಿದ್ದೇನೆ.

ಮೊದಲು ಸಂತೋಷದ ವಿಷಯ. 1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡುವೆ ಶುರುವಾದ ಇಂಗ್ಲೆಂಡಿನ ಅಂತರ್ಯುದ್ಧದ ಬಗ್ಗೆ ನಮಗೆ ಬರುವ ಲೇಖನಗಳೆಲ್ಲ ಪಾರ್ಲಿಮೆಂಟಿನ ಸೇನಾನಿ ಕ್ರಾಮ್‌ವೆಲ್‌ನಿಂದ ಶುರುವಾಗಿ 1649ರಲ್ಲಿ ಒಂದನೇ ಚಾರ್ಲ್ಸನ ತಲೆದಂಡದಲ್ಲಿ ಮುಗಿಯುತ್ತವೆ. ನೀವು ಕೆಲಸಕ್ಕೆಂದು ಮೂರು ವರ್ಷ ಚೆಶೈರ್‌ನಲ್ಲಿದ್ದು, ಆ ಒಂದು ಕೌಂಟಿಯಲ್ಲಿ ಪಾರ್ಲಿಮೆಂಟಿನ ಪರವಾಗಿ ದಂಡು ನಡೆಸಿದ ಸರ್ ವಿಲಿಯಂ ಬ್ರೆರೆಟನ್‌ನನ್ನು ಹಿಡಿದುಕೊಂಡು ಬಂದಿದ್ದೀರಿ. ಇವನ ಬಗ್ಗೆ ಕನ್ನಡದಲ್ಲಿ ನಾನು ಒಂದಕ್ಷರ ಓದಿರಲಿಲ್ಲ. ವಸ್ತು ಚಿನ್ನದಂಥದು. ಆದ್ದರಿಂದಲೇ ಬರವಣಿಗೆಯ ಬಗ್ಗೆ ನಿಷ್ಠುರವಾಗಿ ಹೇಳುತ್ತಿದ್ದೇನೆ.

ನಿಮ್ಮ ಲೇಖನದಲ್ಲಿ ‘ಪ್ರಮುಖ ಪಾತ್ರ ವಹಿಸಿದನು’ ಎಂಬ ಮಾತು ಹನ್ನೊಂದು ಕಡೆ ಬರುತ್ತದೆ. ಹೌದು, ಪೆನ್ಸಿಲ್ ಹಿಡಿದು ಎಣಿಸಿದೆ. ಚೆಶೈರ್‌ನಲ್ಲಿ ಪ್ರಮುಖ ಪಾತ್ರ, ದೊರೆಯ ಕಡೆಯವರ ಕೈಲಿದ್ದ ಚೆಸ್ಟರ್ ಪಟ್ಟಣದ ಮುತ್ತಿಗೆಯಲ್ಲಿ ನಿರ್ಣಾಯಕ ಪಾತ್ರ, ದೊರೆಯ ಪತನದಲ್ಲಿ ಮಹತ್ತರ ಪಾತ್ರ. ಹನ್ನೊಂದು ಸಲ ಓದಿಯೂ ಆ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ ಅಂತ ನನಗೆ ಗೊತ್ತಾಗಲಿಲ್ಲ. ಆ ಮಾತು ಬಂದ ಕಡೆಯಲ್ಲೆಲ್ಲ ‘ಏನು ಮಾಡಿದ?’ ಅಂತ ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಅದನ್ನು ಬರೆಯಿರಿ, ಗೊತ್ತಿಲ್ಲದಿದ್ದರೆ ಸಾಲನ್ನೇ ಹೊಡೆದುಹಾಕಿ.

ಉತ್ತರ ನಿಮ್ಮ ಕೈಯಲ್ಲೇ ಇದೆ ಎಂಬುದು ನನ್ನ ತಕರಾರು. ಬ್ರೆರೆಟನ್ ತಾನು ಬರೆದ, ತನಗೆ ಬಂದ ಪತ್ರಗಳನ್ನೆಲ್ಲ ಪುಸ್ತಕದಲ್ಲಿ ನಕಲು ಮಾಡಿಸಿ ಇಡುತ್ತಿದ್ದ. 1645-46ರ ಆ ಪತ್ರಪುಸ್ತಕಗಳು ಉಳಿದುಬಂದಿವೆ, ಅಚ್ಚೂ ಆಗಿವೆ. ಓದಿದ್ದೇನೆಂದು ನೀವೇ ಮುನ್ನುಡಿಯಲ್ಲಿ ಹೇಳಿದ್ದೀರಿ. ಅವುಗಳಲ್ಲಿ ಕತ್ತಿ ಝಳಪಿಸುವುದು ಅಪರೂಪ. ಸಂಬಳವಿಲ್ಲದ ಸಿಪಾಯಿಗಳು, ಹಣ ಕಳಿಸಿ ಎಂದು ಲಂಡನ್ನಿಗೆ ಮೊರೆ, ಮದ್ದುಗುಂಡಿನ ಕೊರತೆ, ಲ್ಯಾಂಕಶೈರ್, ಸ್ಟ್ಯಾಫರ್ಡ್‌ಶೈರ್, ಡಾರ್ಬಿಶೈರ್‌ಗಳಿಂದ ಕಾಡಿಬೇಡಿ ತರಿಸಿಕೊಂಡ ತುಕಡಿಗಳು, ನಾಲ್ಕು ದಿನ ಕಳೆಯುವುದರೊಳಗೆ ‘ನಮ್ಮೂರನ್ನು ಯಾರು ಕಾಯಬೇಕು’ ಎಂದು ಹೊರಟುನಿಲ್ಲುವ ಆ ತುಕಡಿಗಳ ನಾಯಕರು. ಪ್ರಾಂತೀಯ ಸೇನಾನಿಯ ಯುದ್ಧ ಅಂದರೆ ಇದೇ. ದಂಡು ತನ್ನದಲ್ಲ, ಹಣ ತನ್ನದಲ್ಲ, ಅಧಿಕಾರ ಮಾತ್ರ ತನ್ನದು, ಅದೂ ಲಂಡನ್ ಕೊಟ್ಟಷ್ಟು ದಿನ. ನೀವು ಇದಕ್ಕೆ ‘ಹಲವು ಆಡಳಿತಾತ್ಮಕ ಅಡಚಣೆಗಳ ನಡುವೆಯೂ’ ಅಂತ ನಾಲ್ಕು ಪದ ಕೊಟ್ಟು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ನಿಜಕ್ಕೂ ಹೊಟ್ಟೆಯುರಿಯಿತು. ಲೇಖನ ಇರುವುದೇ ಆ ನಾಲ್ಕು ಪದಗಳ ಒಳಗೆ.

ಆ ಕಾರಣಕ್ಕೇ ‘ಪಾಳೆಯಗಾರ’ ಎಂಬ ಪದವೂ ಸಲ್ಲದು. ಚಿತ್ರದುರ್ಗದ್ದೋ ಹರಪನಹಳ್ಳಿಯದೋ ಪಾಳೆಯಗಾರನಿಗೆ ತನ್ನ ಸೀಮೆ, ತನ್ನ ಕೋಟೆ, ತಲೆಮಾರಿನಿಂದ ಬಂದ ತನ್ನ ಜನ ಇರುತ್ತಿದ್ದರು. ಬ್ರೆರೆಟನ್ ಹ್ಯಾಂಡ್‌ಫರ್ತ್‌ನ ಜಮೀನ್ದಾರ, ಚೆಶೈರ್‌ನ ಪಾರ್ಲಿಮೆಂಟ್ ಸದಸ್ಯ. ಪಾರ್ಲಿಮೆಂಟ್ ನೇಮಿಸಿದ್ದಕ್ಕೆ ಸೇನಾನಿಯಾದವನು. ಓದುಗನಿಗೆ ಹತ್ತಿರವಾಗಲಿ ಎಂದು ನೀವು ಆ ಪದ ಬಳಸಿದ್ದೀರಿ, ಅರ್ಥವಾಗುತ್ತದೆ. ಆದರೆ ಅದು ಓದುಗನನ್ನು ಬೇರೆಯೇ ದಾರಿಗೆ ಒಯ್ಯುತ್ತದೆ. ‘ಸೇನಾನಿ’ ಸಾಕು.

ಸಂಗೊಳ್ಳಿ ರಾಯಣ್ಣನ ಹೋಲಿಕೆಯನ್ನೂ ತೆಗೆಯಿರಿ. ರಾಯಣ್ಣ ಹೋರಾಡಿದ್ದು ಕಿತ್ತೂರಿನ ಸಿಂಹಾಸನದ ಮೇಲೆ ದತ್ತುಪುತ್ರನನ್ನು ಕೂರಿಸಲು, ಕಂಪನಿಯ ವಿರುದ್ಧ. ಅದು ಗದ್ದುಗೆ ಉಳಿಸುವ ಹೋರಾಟ. ಬ್ರೆರೆಟನ್ ತನ್ನ ದೇಶದ ದೊರೆಯ ದಂಡಿನ ಮೇಲೆಯೇ ಹೋದವನು. ಇನ್ನೂ ಒಂದು ಸೂಕ್ಷ್ಮ ನಿಮ್ಮ ಕಣ್ಣು ತಪ್ಪಿದೆ. ಆರಂಭದ ವರ್ಷಗಳಲ್ಲಿ ಪಾರ್ಲಿಮೆಂಟ್ ಹೇಳಿಕೊಂಡಿದ್ದೇ ‘ದೊರೆ ಮತ್ತು ಪಾರ್ಲಿಮೆಂಟ್’ ಇಬ್ಬರ ಹೆಸರಲ್ಲಿ ಕಾದಾಡುತ್ತಿದ್ದೇವೆ ಎಂದು. ದೊರೆಯ ಹೆಸರು ಹೇಳಿಕೊಂಡೇ ದೊರೆಯ ಸೈನ್ಯಕ್ಕೆ ಗುಂಡು ಹಾರಿಸುವವನ ಮನಸ್ಸು ಹೇಗಿತ್ತು? ನಿಮ್ಮ ಮೊದಲ ಪುಟದಲ್ಲೇ ಅವನು ‘ರಾಜಪ್ರಭುತ್ವವನ್ನು ಬೇರುಸಹಿತ ಕಿತ್ತೊಗೆಯಲು ಪಣತೊಟ್ಟ’. 1642ರಲ್ಲಿ ಅಂಥ ಪಣ ತೊಟ್ಟವರು ಪಾರ್ಲಿಮೆಂಟಿನ ಪಕ್ಷದಲ್ಲೂ ಬಲು ಕಡಿಮೆ. ಮುಂದೆ ಚಾರ್ಲ್ಸನ ವಿಚಾರಣೆಗೆ ನ್ಯಾಯಾಧೀಶರಲ್ಲಿ ಒಬ್ಬನಾಗಿ ಹೆಸರಿಸಿದಾಗ ಬ್ರೆರೆಟನ್ ಹೋಗಿ ಕೂರಲೇ ಇಲ್ಲ. ಇದು ನಿಮ್ಮ ಟಿಪ್ಪಣಿಯಲ್ಲಿದೆ, ಲೇಖನದಲ್ಲಿಲ್ಲ. ಚಿತ್ರ ಕೆಡುತ್ತದೆಂದು ಬಿಟ್ಟಿರೇನೋ. ಕೆಡಲಿ.

ಇನ್ನು ತಪ್ಪುಗಳು. ಎರಡು ದೊಡ್ಡವು.

1644ರ ಜನವರಿಯಲ್ಲಿ ಪಾರ್ಲಿಮೆಂಟಿನ ಕೈಲಿದ್ದ ನಾಂಟ್‌ವಿಚ್ ಪಟ್ಟಣವನ್ನು ದೊರೆಯ ಸೇನಾನಿ ಲಾರ್ಡ್ ಬೈರನ್ ಮುತ್ತಿದಾಗ ಬ್ರೆರೆಟನ್ ಕೋಟೆಯೊಳಗೆ ನಿಂತು ಜನರನ್ನು ಹುರಿದುಂಬಿಸಿದ ಎಂದು ಬರೆದಿದ್ದೀರಿ. ಅವನು ಒಳಗಿರಲಿಲ್ಲ. ಹಿಂದಿನ ತಿಂಗಳು, ಡಿಸೆಂಬರ್ 26ರಂದು, ಮಿಡ್ಲ್‌ವಿಚ್‌ನಲ್ಲಿ ಬೈರನ್ ಕೈಲಿ ಸೋತು ಮ್ಯಾಂಚೆಸ್ಟರ್ ಕಡೆಗೆ ಓಡಿದ್ದ. ಊರನ್ನು ಹಿಡಿದುನಿಂತವನು ಸರ್ ಜಾರ್ಜ್ ಬೂತ್. ಬ್ರೆರೆಟನ್ ಬಂದದ್ದು ಪಾರ್ಲಿಮೆಂಟಿನ ಇನ್ನೊಬ್ಬ ಸೇನಾನಿ ಸರ್ ಥಾಮಸ್ ಫೇರ್‌ಫ್ಯಾಕ್ಸ್ ಜೊತೆ, ಮುತ್ತಿಗೆ ಬಿಡಿಸಲು, ಅದೂ ಎರಡನೆಯವನಾಗಿ. ಲಿಂಕನ್‌ಶೈರ್‌ನಿಂದ ನಡುಚಳಿಗಾಲದಲ್ಲಿ ಪೆನೈನ್ ಬೆಟ್ಟಸಾಲು ದಾಟಿ ಫೇರ್‌ಫ್ಯಾಕ್ಸ್ ಬಾರದೇ ಇದ್ದಿದ್ದರೆ ಚೆಶೈರ್ ಕೈಬಿಟ್ಟಂತೆಯೇ ಇತ್ತು. ತನ್ನ ಕೌಂಟಿಯ ಅತಿ ದೊಡ್ಡ ಗೆಲುವು ಇನ್ನೊಬ್ಬನ ಹೆಸರಿಗೆ ಹೋಗುವುದನ್ನು ನೋಡುತ್ತ ಪಕ್ಕದಲ್ಲಿ ಕುದುರೆಯ ಮೇಲೆ ಕೂತ ಸೇನಾನಿ, ನಿಮ್ಮ ವೀರನಿಗಿಂತ ಎಷ್ಟು ಜೀವಂತ!

ಆ ಕಾಳಗವನ್ನೇ ನೋಡಿ. ‘ಘನಘೋರ ಯುದ್ಧ ನಡೆದು ವಿಜಯಲಕ್ಷ್ಮಿ ಪಾರ್ಲಿಮೆಂಟಿಗೆ ಒಲಿದಳು’ ಅಂತ ಮುಗಿಸಿದ್ದೀರಿ. ನಡೆದದ್ದು ಏನು? ಊರಿನ ಪಕ್ಕ ವೀವರ್ ನದಿ. ಮುತ್ತಿಗೆಯ ದಂಡು ನದಿಯ ಎರಡೂ ದಡದಲ್ಲಿ ಹಂಚಿಹೋಗಿತ್ತು. ಜನವರಿ 24ರ ಹೊತ್ತಿಗೆ ಹಿಮ ಕರಗಿತು, ಹೊಳೆ ಉಕ್ಕಿತು, ನಡುವಿನ ಸೇತುವೆ ಕೊಚ್ಚಿಹೋಯಿತು. ಬೈರನ್ ತನ್ನ ಕುದುರೆದಂಡಿನೊಂದಿಗೆ ಒಂದು ದಡದಲ್ಲಿ ಸಿಕ್ಕಿಕೊಂಡ, ಫಿರಂಗಿಗಳು ಮತ್ತು ಕಾಲಾಳುಗಳಲ್ಲಿ ಬಹುಪಾಲು ಆಚೆ ದಡದಲ್ಲಿ, ಆಕ್ಟನ್ ಚರ್ಚಿನ ಹತ್ತಿರ. ಸುತ್ತುಬಳಸಿ ಇನ್ನೊಂದು ಸೇತುವೆ ದಾಟಿ ಬರುವುದರಲ್ಲಿ ಮರುದಿನ ಫೇರ್‌ಫ್ಯಾಕ್ಸ್ ಮೇಲೆ ಬಿದ್ದಿದ್ದ. ಊರೊಳಗಿದ್ದವರೂ ಹೊರಗೆ ನುಗ್ಗಿ ಹಿಂದಿನಿಂದ ಹೊಡೆದರು. ಸುಮಾರು 1500 ಮಂದಿ ಸೆರೆಸಿಕ್ಕರು. ಅವರಲ್ಲಿ ಜಾರ್ಜ್ ಮಂಕ್ ಎಂಬ ಅಧಿಕಾರಿಯೂ ಇದ್ದ, 1660ರಲ್ಲಿ ಚಾರ್ಲ್ಸನ ಮಗನನ್ನು ಮತ್ತೆ ಸಿಂಹಾಸನಕ್ಕೆ ತಂದವನು. ಒಂದು ಹೊಳೆಯ ನೆರೆ ಇಷ್ಟೆಲ್ಲ ಮಾಡಿತು. ನೆರೆ ಬಂದು ಸೇತುವೆ ಹೋಗಿ ಊರು ಎರಡು ಪಾಲಾಗುವುದನ್ನು ಕಂಡವರು ನಮ್ಮ ಓದುಗರಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ವಿಜಯಲಕ್ಷ್ಮಿಗಿಂತ ವೀವರ್ ನದಿ ಬೇಗ ಅರ್ಥವಾಗುತ್ತದೆ.

ಎರಡನೇ ತಪ್ಪು ಇನ್ನೂ ದೊಡ್ಡದು. 1645ರ ಸೆಪ್ಟೆಂಬರ್ 24ರ ಚೆಸ್ಟರ್ ಹೊರಗಿನ ರೌಟನ್ ಹೀತ್ ಕಾಳಗದಲ್ಲಿ ಬ್ರೆರೆಟನ್‌ನನ್ನು ಮುಂಚೂಣಿಯಲ್ಲಿ ನಿಲ್ಲಿಸಿದ್ದೀರಿ. ಆ ದಿನ ಅವನು ಚೆಶೈರ್‌ನಲ್ಲೇ ಇರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಪಾರ್ಲಿಮೆಂಟ್ ಒಂದು ಕಾನೂನು ಮಾಡಿತು: ಸದಸ್ಯರಾದವರು ಸೇನಾಧಿಕಾರ ಬಿಡಬೇಕು. ಕ್ರಾಮ್‌ವೆಲ್‌ಗೆ ಕೊಟ್ಟಂತೆ ಬ್ರೆರೆಟನ್‌ಗೂ ನಲವತ್ತು ದಿನಗಳ ವಿನಾಯಿತಿ ಕೊಟ್ಟರು. ಅದು ಮುಗಿಯಿತು, ಅವನು ಲಂಡನ್ನಿಗೆ ವಾಪಸ್ಸಾದ. ಚೆಸ್ಟರ್‌ನ ಹೊರವಲಯವನ್ನು ಹಿಡಿದು ಗೋಡೆ ಒಡೆದದ್ದು ಪಾರ್ಲಿಮೆಂಟಿನ ಅಧಿಕಾರಿಗಳಾದ ಮೈಕೆಲ್ ಜೋನ್ಸ್ ಮತ್ತು ಜೇಮ್ಸ್ ಲೋಥಿಯನ್. ದೊರೆಯ ಬೆನ್ನುಹತ್ತಿ ಬಂದ ಪಾರ್ಲಿಮೆಂಟಿನ ಜನರಲ್ ಪಾಯಿಂಟ್ಸ್ ಜೊತೆ ಸೇರಿ ಬಯಲಲ್ಲಿ ಗೆದ್ದವನೂ ಅದೇ ಜೋನ್ಸ್. ಚಾರ್ಲ್ಸ್ ಚೆಸ್ಟರ್ ಕೋಟೆಯ ಬುರುಜಿನ ಮೇಲೆ ನಿಂತು ತನ್ನ ಕುದುರೆದಂಡು ಚೆದುರುವುದನ್ನು ಕಂಡ ಎಂಬ ಪ್ರತೀತಿ ಇದೆ, ಅದನ್ನು ನೀವು ಚೆನ್ನಾಗಿ ಬರೆದಿದ್ದೀರಿ. ಆದರೆ ಆ ಹೊತ್ತಿಗೆ ನಿಮ್ಮ ನಾಯಕ ದೂರದ ಲಂಡನ್ನಿನಲ್ಲಿ ಕೂತು ಅಧಿಕಾರ ವಾಪಸ್ ಸಿಗುವುದನ್ನು ಕಾಯುತ್ತಿದ್ದ. ಮೂರು ವರ್ಷ ಒಂದು ಊರಿನ ಸುತ್ತ ತಿರುಗಿ, ಗೋಡೆ ಬಿರುಕುಬಿಟ್ಟ ದಿನ ಅಲ್ಲಿಲ್ಲದವನು! ಇದನ್ನು ಮುಚ್ಚಿ ಅವನನ್ನು ಕುದುರೆ ಹತ್ತಿಸಿದರೆ ನಷ್ಟ ನಿಮಗೇ.

ಬಾರ್ಥೊಮ್ಲಿ ಚರ್ಚಿನ ಹತ್ಯೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. 1643ರ ಕ್ರಿಸ್‌ಮಸ್‌ಗೆ ಮುನ್ನ ಗೋಪುರದಲ್ಲಿ ಅಡಗಿದವರನ್ನು ಬೈರನ್‌ನ ದಂಡಿನವರು ಹೊಗೆ ಹಾಕಿ ಹೊರಗೆ ತಂದು ಕೊಂದದ್ದು, ಅದನ್ನು ಬೈರನ್ ತನ್ನ ಪತ್ರದಲ್ಲಿ ಸಮರ್ಥಿಸಿಕೊಂಡದ್ದು, ಎಲ್ಲ ನಿಜ. ಇರಲಿ. ಆದರೆ ಅದೇ ವರ್ಷ ಮಾರ್ಚ್ 19ರಂದು ಹಾಪ್ಟನ್ ಹೀತ್‌ನಲ್ಲಿ ದೊರೆಯ ಕಡೆಯ ನಾರ್ತಾಂಪ್ಟನ್ ಅರ್ಲ್ ಸತ್ತಾಗ, ಅವನ ಮಗ ತಂದೆಯ ಹೆಣ ಕೊಡಿ ಎಂದು ಹೇಳಿಕಳಿಸಿದ. ಬ್ರೆರೆಟನ್ ಮತ್ತು ಅವನ ಜೊತೆಗಾರ ಸರ್ ಜಾನ್ ಗೆಲ್, ಕಳೆದುಕೊಂಡ ಫಿರಂಗಿಗಳನ್ನೂ ಸೆರೆಯಾಳುಗಳನ್ನೂ ವಾಪಸ್ ಕೊಟ್ಟರೆ ಹೆಣ ಕೊಡುತ್ತೇವೆ ಅಂದರು. ಮಗ ಒಪ್ಪಲಿಲ್ಲ. ಹೆಣ ಡಾರ್ಬಿಗೆ ಹೋಯಿತು. ನಿಮ್ಮ ಲೇಖನದಲ್ಲಿ ಇದರ ಸುಳಿವಿಲ್ಲ. ಹಾಗೆಯೇ ಚೆಸ್ಟರ್‌ನ ಕೊನೆಯ ಚಳಿಗಾಲ. ವಾಪಸ್ ಬಂದ ಬ್ರೆರೆಟನ್ ಮನೆಗಳ ಮೇಲೆ ಸಿಡಿಗುಂಡು ಹಾಕಿಸಿದ, ವೇಲ್ಸ್ ಕಡೆಯಿಂದ ಬರುವ ದವಸದ ದಾರಿ ಕಟ್ಟಿದ. ಒಳಗೆ ಗೊಣಗುವವರನ್ನು, ಊರು ಕಾಯುತ್ತಿದ್ದ ಬೈರನ್ ಊಟಕ್ಕೆ ಕರೆದು, ತಾನೂ ತಿನ್ನುತ್ತಿದ್ದ ಬೇಯಿಸಿದ ಗೋಧಿಯನ್ನೂ ಬಾವಿನೀರನ್ನೂ ಮುಂದಿಟ್ಟನಂತೆ. 1646ರ ಫೆಬ್ರವರಿ 3ರಂದು ಊರು ಶರಣಾಯಿತು. ಮುಂದಿನ ವರ್ಷ ಪ್ಲೇಗು ಬಂದು ಸುಮಾರು ಎರಡು ಸಾವಿರ ಜನ ಸತ್ತರು. ‘ಚೆಸ್ಟರ್ ವಿಮೋಚನೆಗೊಂಡಿತು’ ಎಂದು ನೀವು ಬರೆದ ಸಾಲಿನ ಪಕ್ಕ ನಾನು ಪ್ರಶ್ನೆಚಿಹ್ನೆ ಹಾಕಿದ್ದೇನೆ.

ಬ್ರೆರೆಟನ್‌ನನ್ನು ಖಳನಾಗಿ ಮಾಡಿ ಅಂತ ಹೇಳುತ್ತಿಲ್ಲ. ಅವನನ್ನು ಪ್ರೀತಿಸಿಯೇ ಬರೆಯಿರಿ. ಯುದ್ಧಕ್ಕೆ ಮುಂಚೆ, 1634-35ರಲ್ಲಿ, ಹಾಲೆಂಡ್, ಸ್ಕಾಟ್‌ಲೆಂಡ್, ಐರ್ಲೆಂಡ್ ಸುತ್ತಿ ಎಲ್ಲಿ ಏನು ತಿಂದೆ, ಎಷ್ಟು ಕೊಟ್ಟೆ ಎಂದು ದಿನಚರಿ ಬರೆದಿಟ್ಟ ಮನುಷ್ಯ ಅವನು. ಬಾತುಕೋಳಿ ಹಿಡಿಯುವ ಬಲೆಕೊಳಗಳ ಬಗ್ಗೆ ವಿಪರೀತ ಆಸಕ್ತಿ. ಮುಂದೆ ಸಿಪಾಯಿಗಳ ಬಾಕಿ ಸಂಬಳದ ಪತ್ರಗಳನ್ನು ಒಂದೂ ಬಿಡದೆ ನಕಲು ಮಾಡಿಸಿದವನು ಈ ದಿನಚರಿಯವನೇ. ಈ ಎಳೆ ನಿಮಗೆ ಕಾಣಲಿಲ್ಲವೇ?

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ತನ್ಮೂಲಕ’, ‘ಈ ನಿಟ್ಟಿನಲ್ಲಿ’, ‘ಎಂದರೆ ತಪ್ಪಾಗಲಾರದು’ ಬೇಡ. ಮೈಸೂರಲ್ಲಿ ಆಗ ಕಂಠೀರವ ನರಸರಾಜ ಒಡೆಯರ ಕಾಲ ಎಂದು ಒಂದು ಸಾಲು ಸಾಕು, ಪೂರ್ತಿ ಪ್ಯಾರಾ ಬೇಕಿಲ್ಲ. ಕೊನೆಯಲ್ಲಿ, ಪ್ರತಿ ಜನವರಿಯಲ್ಲಿ ನಾಂಟ್‌ವಿಚ್ ಜನ ಮುತ್ತಿಗೆ ಬಿಟ್ಟ ದಿನವನ್ನು ನೆನೆದು ‘ಹಾಲಿ’ (holly) ಎಂಬ ಮುಳ್ಳಂಚಿನ ಗಿಡದ ಎಲೆ ಸಿಕ್ಕಿಸಿಕೊಳ್ಳುವುದನ್ನೂ, ಒಬ್ಬ ಅಜ್ಜಿ ನಿಮ್ಮ ಕೋಟಿಗೂ ಒಂದು ಎಲೆ ಚುಚ್ಚಿ ‘ಮುಳ್ಳಿದೆ, ಜೋಪಾನ’ ಅಂದದ್ದನ್ನೂ ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲುಗಳು ಅವು. ಅಲ್ಲಿ ಯಾರೂ ಪಾತ್ರ ವಹಿಸುವುದಿಲ್ಲ.

ಎಲ್ಲಿಂದ ಶುರುಮಾಡಲಿ ಅಂತ ನೀವು ಫೋನಿನಲ್ಲಿ ಕೇಳಿದ್ದಿರಿ. 1642ರ ಆಗಸ್ಟ್ 8ರಿಂದ. ದೊರೆ ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧಧ್ವಜ ಏರಿಸಲು ಇನ್ನೂ ಎರಡು ವಾರವಿದೆ. ಪಾರ್ಲಿಮೆಂಟಿಗೆ ಜನ ಸೇರಿಸಲು ಚೆಸ್ಟರ್ ಬೀದಿಯಲ್ಲಿ ಬ್ರೆರೆಟನ್ ಕಡೆಯವರು ಡೋಲು ಬಡಿಸುತ್ತಾರೆ. ಗಲಾಟೆಯಾಗುತ್ತದೆ. ಊರಿನ ಮೇಯರ್ ಕತ್ತಿ ಕಸಿದುಕೊಂಡು ಡೋಲನ್ನೇ ಸೀಳುತ್ತಾನೆ. ರೇಗಿದ ಜನರಿಂದ ತಪ್ಪಿಸಿಕೊಂಡು ಬ್ರೆರೆಟನ್ ಊರು ಬಿಡುತ್ತಾನೆ. ಮತ್ತೆ ಆ ಬೀದಿಗೆ ಸೇನಾನಿಯಾಗಿ ಕಾಲಿಡಲು ಮೂರೂವರೆ ವರ್ಷ ಬೇಕಾಯಿತು. ನಿಮ್ಮ ಕರಡಿನಲ್ಲಿ ಈ ಡೋಲು ಹದಿನಾಲ್ಕನೇ ಪುಟದ ಅಡಿಟಿಪ್ಪಣಿಯಲ್ಲಿದೆ.

ಎರಡು ಸಾವಿರ ಪದ ಮೀರಬೇಡಿ. ಫೋಟೋಗಳಲ್ಲಿ ಆಕ್ಟನ್ ಚರ್ಚಿನದನ್ನು ತೆಗೆದಿಟ್ಟುಕೊಂಡಿದ್ದೇನೆ. ಉಕ್ಕಿದ ವೀವರ್ ನದಿಯದು ಒಂದಿದ್ದರೆ ಹೊಸ ಪ್ರತಿಯ ಜೊತೆ ಕಳಿಸಿ.