ಓದುಗರ ಪ್ರಶ್ನೆ: ಸೈಲೆನ್ಸರ್ ದಾಟಿದ ಹೊಗೆಗೆ ಮುಂದೇನಾಗುತ್ತದೆ?

ವಾಹನಗಳ ಹೊಗೆ, ಉಸಿರಾಡುವ ಗಾಳಿ ಮತ್ತು ಹವಾಮಾನ ಬದಲಾವಣೆ ಈ ಮೂರರ ನಂಟನ್ನು ಕುರಿತು ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಬಾರಿ ಎತ್ತಿಕೊಂಡಿದ್ದೇನೆ. ವಾಯುಮಂಡಲದ ರಸಾಯನವನ್ನೇ ಅಭ್ಯಾಸ ಮಾಡುವವನಾದ್ದರಿಂದ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ತುಸು ದೀರ್ಘವಾಗಿದೆ.

ಪ್ರಶ್ನೆ: ಓಝೋನ್ ಪದರ ನಮ್ಮನ್ನು ಕಾಪಾಡುತ್ತದೆ ಎಂದು ಶಾಲೆಯಲ್ಲಿ ಕಲಿತೆವು. ಈಗ ಅದೇ ಓಝೋನನ್ನು ಮಾಲಿನ್ಯಕಾರಕ ಎಂದು ಕರೆದು, ವಾಹನಗಳೇ ಅದಕ್ಕೆ ಕಾರಣ ಎನ್ನುತ್ತಾರೆ. ಸೈಲೆನ್ಸರ್‌ನಿಂದ ಓಝೋನ್ ಬರುವುದಿಲ್ಲವಲ್ಲ?

ಉತ್ತರ: ಬರುವುದಿಲ್ಲ, ನಿಮ್ಮ ಮಾತು ಸರಿ. ಓಝೋನ್ ಗಾಳಿಯಲ್ಲೇ ಹುಟ್ಟುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ಅಣುವಿನಲ್ಲಿ ಭೇದವಿಲ್ಲ. ಎರಡೂ ಮೂರು ಆಮ್ಲಜನಕ ಪರಮಾಣುಗಳು ಸೇರಿ ಆದದ್ದೇ. ನೆಲದಿಂದ ಹದಿನೈದು ಕಿಲೋಮೀಟರಿಗೂ ಮೇಲಿದ್ದಾಗ ಅದು ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಉಪಕಾರ ಮಾಡುತ್ತದೆ. ಮೂಗಿನ ಮಟ್ಟದಲ್ಲಿದ್ದಾಗ ಅದೇ ಚುರುಕು ಗುಣ ಶ್ವಾಸಕೋಶದ ಒಳಪದರವನ್ನು ಕೆರಳಿಸುತ್ತದೆ, ಬೆಳೆಗಳ ಎಲೆಯನ್ನು ಸುಡುತ್ತದೆ.

ಇಂಜಿನ್ನಿನ ಶಾಖಕ್ಕೆ ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಬಣ್ಣವಿಲ್ಲದ ಈ ಅನಿಲ ಹೊರಬಂದ ಮೇಲೆ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗಿ ಬದಲಾಗುತ್ತದೆ. ಬಿಸಿಲು ಬಿದ್ದೊಡನೆ ಡೈಆಕ್ಸೈಡ್ ಒಡೆದು ಒಂದು ಆಮ್ಲಜನಕ ಪರಮಾಣುವನ್ನು ಬಿಟ್ಟುಕೊಡುತ್ತದೆ, ಆ ಒಂಟಿ ಪರಮಾಣು ಗಾಳಿಯ ಆಮ್ಲಜನಕದೊಡನೆ ಸೇರಿ ಓಝೋನ್ ಆಗುತ್ತದೆ. ಕಥೆ ಇಲ್ಲಿಗೇ ಮುಗಿದಿದ್ದರೆ ಚಿಂತೆಯಿರಲಿಲ್ಲ, ಏಕೆಂದರೆ ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನೇ ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ; ಹುಟ್ಟಿದ್ದಕ್ಕೂ ಅಳಿದದ್ದಕ್ಕೂ ಸರಿಹೋಗುತ್ತದೆ. ಈ ಲೆಕ್ಕವನ್ನು ಕೆಡಿಸುವುದು ಪೂರ್ತಿ ಉರಿಯದೆ ಹೊರಬಂದ ಅಥವಾ ಟ್ಯಾಂಕಿನಿಂದ ಆವಿಯಾದ ಇಂಧನದ ಹೈಡ್ರೋಕಾರ್ಬನ್‌ಗಳು. ಅವು ಗಾಳಿಯಲ್ಲಿ ಉತ್ಕರ್ಷಣಗೊಳ್ಳುವಾಗ, ಅಂದರೆ ಆಮ್ಲಜನಕದೊಡನೆ ಕೂಡುವಾಗ, ಹುಟ್ಟುವ ಚುರುಕು ಅಣುಗಳು ನೈಟ್ರಿಕ್ ಆಕ್ಸೈಡನ್ನು ತಾವೇ ಡೈಆಕ್ಸೈಡ್ ಮಾಡಿಬಿಡುತ್ತವೆ, ಓಝೋನ್ ಖರ್ಚಾಗದೆ ಉಳಿದು ಗಂಟೆ ಗಂಟೆಗೂ ಕೂಡುತ್ತಾ ಹೋಗುತ್ತದೆ.

ಇದನ್ನು ಕಂಡುಹಿಡಿದವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಡಚ್ ಮೂಲದ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ ಅದು ಯಾವುದೋ ಕಾರ್ಖಾನೆಯ ಹೊಗೆಯೆಂದು ಜನ ತಿಳಿದಿದ್ದರು. ಹಾಗೆನ್-ಸ್ಮಿಟ್ ಅನಾನಸಿನ ಪರಿಮಳದ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದವರು. ಹಣ್ಣಿನ ವಾಸನೆಯನ್ನು ತಂಪುಮಾಡಿ ಹಿಡಿದಿಡುವ ವಿಧಾನದಲ್ಲೇ ಅವರು ನಗರದ ಗಾಳಿಯನ್ನೂ ಹಿಡಿದು ನೋಡಿದರು. ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡ್‌ಗಳು (ಮೇಲೆ ಹೇಳಿದ ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡಕ್ಕೂ ಸೇರಿದ ಹೆಸರು) ಮತ್ತು ಬೆಳಕು, ಈ ಮೂರು ಸೇರಿದರೆ ಆ ಮಬ್ಬಿನ ಗುಣಗಳೆಲ್ಲ ಪ್ರಯೋಗಾಲಯದಲ್ಲೇ ಬರುತ್ತವೆ ಎಂದು 1952ರ ಹೊತ್ತಿಗೆ ಪ್ರಕಟಿಸಿದರು. ಓಝೋನನ್ನು ಅಳೆಯಲು ಅವರು ಬಳಸಿದ ಸಾಧನಗಳಲ್ಲಿ ಒಂದು ಬರೀ ರಬ್ಬರ್ ತುಂಡು. ರಬ್ಬರನ್ನು ಬಗ್ಗಿಸಿ ಕಟ್ಟಿಟ್ಟರೆ ಬಿಗಿದ ಹೊರಮೈಯಲ್ಲಿ ಓಝೋನ್ ಕಚ್ಚಿ ಸಣ್ಣ ಬಿರುಕುಗಳು ಏಳುತ್ತವೆ. ಎಷ್ಟು ಬೇಗ ಬಿರುಕು ಬಿಟ್ಟಿತೋ ಓಝೋನ್ ಅಷ್ಟು ಹೆಚ್ಚು. ಬಿಸಿಲಿಗೆ ನಿಂತ ಹಳೆಯ ವಾಹನದ ಟೈರಿನ ಪಕ್ಕೆಯನ್ನು ಒಮ್ಮೆ ಹತ್ತಿರದಿಂದ ನೋಡಿ, ಅಲ್ಲಿ ಕಾಣುವ ನವಿರಾದ ಗೀರುಗಳಲ್ಲಿ ಓಝೋನಿನ ಪಾಲೂ ಇರುತ್ತದೆ.

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ವಾಹನಗಳು ನಿಂತರೂ ಹಲವು ನಗರಗಳಲ್ಲಿ ಓಝೋನ್ ಏರಿತೆಂದು ಓದಿದೆ. ಹಾಗಾದರೆ ವಾಹನಗಳ ಮೇಲಿನ ದೂರು ಸುಳ್ಳೇ?

ಉತ್ತರ: ಸುಳ್ಳಲ್ಲ, ಮತ್ತು ಈ ಸಂಗತಿಯನ್ನು ನೀವು ಗಮನಿಸಿದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಹಿಂದಿನ ಉತ್ತರದಲ್ಲಿ ಹೇಳಿದಂತೆ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿನ್ನುತ್ತದೆ. ಇದಲ್ಲದೆ, ನೈಟ್ರೋಜನ್ ಡೈಆಕ್ಸೈಡ್ ಮಿತಿಮೀರಿದಾಗ ಹೈಡ್ರಾಕ್ಸಿಲ್ ಎಂಬ ಅಣುವನ್ನು ಹಿಡಿದು ನೈಟ್ರಿಕ್ ಆಮ್ಲವಾಗುತ್ತದೆ. ಹುಟ್ಟಿದ ಒಂದೇ ಸೆಕೆಂಡಿನ ಆಸುಪಾಸಿನಲ್ಲಿ ಇಲ್ಲವಾಗುವ ಈ ಹೈಡ್ರಾಕ್ಸಿಲ್ ಹೈಡ್ರೋಕಾರ್ಬನ್‌ಗಳ ಉತ್ಕರ್ಷಣವನ್ನು ಆರಂಭಿಸುವ ಕಿಡಿ; ಅದು ಕಡಿಮೆಯಾದರೆ ಓಝೋನ್ ತಯಾರಿಕೆಯೂ ಕುಂಟುತ್ತದೆ. ಆದ್ದರಿಂದ ವಾಹನದಟ್ಟಣೆಯ ನಗರದ ನಡುವೆ ನೈಟ್ರೋಜನ್ ಆಕ್ಸೈಡ್‌ಗಳು ತೀರಾ ಹೆಚ್ಚಿದ್ದಾಗ ಓಝೋನ್ ಅದುಮಿಕೊಂಡಿರುತ್ತದೆ, ಆಕ್ಸೈಡ್‌ಗಳನ್ನು ಸ್ವಲ್ಪ ಇಳಿಸಿದಾಗ ಅದು ಮೊದಲು ಏರುತ್ತದೆ, ಇನ್ನೂ ಇಳಿಸಿದಾಗ ಮಾತ್ರ ತಾನೂ ಇಳಿಯತೊಡಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಡೀಸೆಲ್ ಲಾರಿಗಳ ಓಡಾಟ ಕಡಿಮೆಯಿರುವ ಭಾನುವಾರಗಳಂದು ಓಝೋನ್ ವಾರದ ದಿನಗಳಿಗಿಂತ ಹೆಚ್ಚಿದ್ದದ್ದನ್ನು ವಿಜ್ಞಾನಿಗಳು ಲಾಕ್‌ಡೌನ್‌ಗಿಂತ ಬಹಳ ಹಿಂದೆಯೇ ಗುರುತಿಸಿದ್ದರು.

ಮಾಪನ ಕೇಂದ್ರದ ಗಂಟೆವಾರು ರೇಖೆಯನ್ನು ನೋಡಿದರೆ ಈ ಕೊಡುಕೊಳ್ಳುವಿಕೆ ಕಣ್ಣಿಗೇ ಕಾಣುತ್ತದೆ. ಮುಂಜಾನೆಯ ವಾಹನಸಂದಣಿಯಲ್ಲಿ ನೈಟ್ರಿಕ್ ಆಕ್ಸೈಡ್ ಮೊನಚಾಗಿ ಏರುತ್ತದೆ, ಅದೇ ಹೊತ್ತಿಗೆ ಓಝೋನ್ ಸೊನ್ನೆಯ ಹತ್ತಿರಕ್ಕೆ ಕುಸಿದಿರುತ್ತದೆ. ಬಿಸಿಲೇರಿದಂತೆ ಡೈಆಕ್ಸೈಡ್ ಏರಿ ಇಳಿಯುತ್ತದೆ, ಮಧ್ಯಾಹ್ನ ಎರಡು ಮೂರರ ಸುಮಾರಿಗೆ ಓಝೋನ್ ಶಿಖರ ಮುಟ್ಟುತ್ತದೆ. ಆ ಶಿಖರ ಅನೇಕ ಸಲ ಗಾಳಿ ಬೀಸುವ ದಿಕ್ಕಿನಲ್ಲಿ ಊರಾಚೆ, ವಾಹನಗಳೇ ವಿರಳವಾದ ಹೊಲಗದ್ದೆಗಳ ಮೇಲಿರುತ್ತದೆ. ಇದನ್ನು ಹಿಡಿದು ‘ಹೊಗೆ ಇದ್ದರೇ ಒಳ್ಳೆಯದು’ ಎಂದು ವಾದಿಸುವುದನ್ನು ನಾನು ಒಪ್ಪಲಾರೆ. ನೈಟ್ರೋಜನ್ ಡೈಆಕ್ಸೈಡ್ ತಾನೇ ಹಾನಿಕರ. ವರ್ಷದ ಸರಾಸರಿಯಲ್ಲಿ ಅದು ಪ್ರತಿ ಘನಮೀಟರ್ ಗಾಳಿಗೆ 10 ಮೈಕ್ರೋಗ್ರಾಮ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಿತಿಯನ್ನು ಬಿಗಿಗೊಳಿಸಿತು. ಆ ಅನಿಲದಿಂದಾಗುವ ನೈಟ್ರಿಕ್ ಆಮ್ಲ ಅಮೋನಿಯಾದೊಡನೆ ಸೇರಿ ಅಮೋನಿಯಂ ನೈಟ್ರೇಟಿನ ಸೂಕ್ಷ್ಮಕಣಗಳಾಗುತ್ತದೆ. 2.5 ಮೈಕ್ರಾನಿಗಿಂತ ಚಿಕ್ಕವಾದ, ಅಂದರೆ ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲೂ ಇಲ್ಲದ ಇಂಥ ಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಹೈಡ್ರೋಕಾರ್ಬನ್‌ಗಳನ್ನೂ ನೈಟ್ರೋಜನ್ ಆಕ್ಸೈಡ್‌ಗಳನ್ನೂ ಒಟ್ಟಿಗೆ ಇಳಿಸುವುದೇ ದಾರಿ.

ಪ್ರಶ್ನೆ: ಒಂದು ಲೀಟರ್ ಪೆಟ್ರೋಲಿನಿಂದ ಎರಡು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದಂತೆ. ಪೆಟ್ರೋಲಿನ ತೂಕವೇ ಅಷ್ಟಿಲ್ಲವಲ್ಲ! ಅಂದಹಾಗೆ ಗಾಳಿಯನ್ನು ಶುದ್ಧ ಮಾಡಿದರೆ ಭೂಮಿಯ ಬಿಸಿಯೂ ಇಳಿಯುತ್ತದೆಯೇ?

ಉತ್ತರ: ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಮ್ ತೂಗುತ್ತದೆ, ಅದರಲ್ಲಿ ಇಂಗಾಲ 640 ಗ್ರಾಮಿನಷ್ಟಿರುತ್ತದೆ. ಉರಿಯುವಾಗ ಪ್ರತಿ 12 ಗ್ರಾಮ್ ಇಂಗಾಲ ಗಾಳಿಯಿಂದ 32 ಗ್ರಾಮ್ ಆಮ್ಲಜನಕವನ್ನು ಎಳೆದುಕೊಂಡು 44 ಗ್ರಾಮ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗುಣಿಸಿ ನೋಡಿ, 2.3 ಕಿಲೋಗ್ರಾಮ್ ಬರುತ್ತದೆ. ಹೆಚ್ಚಿನ ತೂಕವೆಲ್ಲ ಗಾಳಿಯದು.

ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ, ಏಕೆಂದರೆ ಒಂದೇ ಕೊಳವೆಯಿಂದ ಹೊರಟ ವಸ್ತುಗಳ ಆಯುಸ್ಸು ಬೇರೆಬೇರೆ. ಡೀಸೆಲ್ಲಿನ ಮಸಿ, ಅಂದರೆ ಕಪ್ಪು ಇಂಗಾಲ, ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ, ಆದರೆ ಕೆಲವು ದಿನಗಳಲ್ಲಿ ಮಳೆಯೊಡನೆ ನೆಲಕ್ಕಿಳಿಯುತ್ತದೆ. ನೆಲಮಟ್ಟದ ಓಝೋನ್ ಕೂಡ ಹಸಿರುಮನೆ ಅನಿಲವೇ, ಅದು ಕೆಲವು ವಾರ ಬಾಳುತ್ತದೆ. ಇವೆರಡನ್ನು ಇಳಿಸಿದರೆ ಉಸಿರಿಗೂ ಹವಾಮಾನಕ್ಕೂ ಬೇಗನೆ ಲಾಭ. ಗಂಧಕವಿರುವ ಇಂಧನದಿಂದಾಗುವ ಸಲ್ಫೇಟ್ ಕಣಗಳದ್ದು ತಿರುವುಮುರುವು ಕತೆ: ಅವು ಬಿಸಿಲನ್ನು ಚದುರಿಸಿ ಭೂಮಿಯನ್ನು ತಂಪಾಗಿಡುತ್ತವೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದಿಂದ ಜಗತ್ತಿನ ಸರಾಸರಿ ಉಷ್ಣತೆ ತಾತ್ಕಾಲಿಕವಾಗಿ ಸುಮಾರು ಅರ್ಧ ಡಿಗ್ರಿ ಇಳಿದದ್ದು ಇದಕ್ಕೆ ಸಾಕ್ಷಿ. ಹಾಗಾಗಿ 2020ರಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಿದ್ದು ಆರೋಗ್ಯಕ್ಕೆ ನಿಸ್ಸಂದೇಹವಾಗಿ ಒಳ್ಳೆಯದಾದರೂ, ಅದುವರೆಗೆ ಮರೆಯಾಗಿದ್ದ ಒಂದಿಷ್ಟು ಕಾವನ್ನು ಹೊರಗೆಡಹಿತು. ಜನರ ಶ್ವಾಸಕೋಶವನ್ನು ಕೊಡೆಯಾಗಿ ಬಳಸಿ ಭೂಮಿಯನ್ನು ತಂಪಾಗಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಇನ್ನು ಇಂಗಾಲದ ಡೈಆಕ್ಸೈಡಿನ ಗಣನೀಯ ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಅದನ್ನು ಯಾವ ಫಿಲ್ಟರೂ ತಡೆಯದು, ಇಂಧನವನ್ನು ಕಡಿಮೆ ಉರಿಸಬೇಕು, ಅಷ್ಟೇ.

ಪ್ರಶ್ನೆ: ಪರೀಕ್ಷೆಯಲ್ಲಿ ಪಾಸಾದ ವಾಹನ ರಸ್ತೆಯಲ್ಲೂ ಅಷ್ಟೇ ಹೊಗೆ ಬಿಡುತ್ತದೆಂದು ನಂಬಬಹುದೇ?

ಉತ್ತರ: ಕಣ್ಣುಮುಚ್ಚಿ ನಂಬಲಾಗದು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಯಂತ್ರಗಳನ್ನು ಕಾರಿನೊಳಗೇ ಇಟ್ಟುಕೊಂಡು ಓಡಿಸಿ ನೋಡಿದ್ದರಿಂದಲೇ, ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದ ಸಂಗತಿಯ ಸುಳಿವು ಸಿಕ್ಕಿತು. 2015ರಲ್ಲಿ ಅದು ಬಯಲಾದಾಗ, ಆ ಕಾರುಗಳು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಬಿಡಬಲ್ಲವೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳಿತು.

ಮೋಸವಿಲ್ಲದ ಕಡೆಯೂ ವ್ಯತ್ಯಾಸ ಇರುತ್ತದೆ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪಿಸಿದ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿಗೆ ಕಾಯುವವರೆಗೆ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತದೆ. ತಣ್ಣಗಿನ ಇಂಜಿನ್ ಚಾಲೂ ಮಾಡಿ ಒಂದೆರಡು ಕಿಲೋಮೀಟರ್ ಹೋಗಿ ನಿಲ್ಲಿಸಿದರೆ ಆ ಓಡಾಟದ ಬಹುಪಾಲು ಹೊಗೆ ಸಂಸ್ಕಾರವಿಲ್ಲದೆ ಗಾಳಿಗೆ ಸೇರಿರುತ್ತದೆ. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಕೊನೆಯಲ್ಲಿ ರಸ್ತೆಗಡ್ಡಲಾಗಿ ಅವಕೆಂಪು ಕಿರಣ ಹಾಯಿಸಿ, ಹಾದುಹೋಗುವ ಪ್ರತಿ ವಾಹನದ ಹಿಂದಿನ ಹೊಗೆಯನ್ನು ಕ್ಷಣಮಾತ್ರದಲ್ಲಿ ಅಳೆಯುವ ಸಾಧನವನ್ನು ರೂಪಿಸಿದರು. ಇಂಥ ಅಳತೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ಸುಮಾರು ಹತ್ತನೆಯ ಒಂದು ಪಾಲು ವಾಹನಗಳು ಒಟ್ಟು ಕಾರ್ಬನ್ ಮಾನಾಕ್ಸೈಡಿನ ಅರ್ಧದಷ್ಟನ್ನು ಉಗುಳುತ್ತಿದ್ದವು. ಅವು ಹಳೆಯವೇ ಆಗಬೇಕೆಂದಿಲ್ಲ, ರಿಪೇರಿ ಕಾಣದ ಹೊಸ ವಾಹನಗಳೂ ಆ ಗುಂಪಿನಲ್ಲಿದ್ದವು. ನಿಮ್ಮ ವಾಹನದ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಆರದೆ ಉರಿಯುತ್ತಿದ್ದರೆ, ಮುಂದಿನ ಪರೀಕ್ಷೆಯವರೆಗೆ ಕಾಯದೆ ಈ ವಾರವೇ ಮೆಕ್ಯಾನಿಕ್ಕಿಗೆ ತೋರಿಸಿ.