ಕಿಮೋನೊ ನೈಟಿಯಂತೆ ಕಾಣದಿರಲು

ಜಪಾನಿನ ಕ್ಯೋಟೋದ ಹಳೆಬಟ್ಟೆ ಅಂಗಡಿಯಲ್ಲಿ ಕೊಂಡ ರೇಷ್ಮೆ ಕಿಮೋನೊವನ್ನು (ಅಲ್ಲಿನ ಸಾಂಪ್ರದಾಯಿಕ ನಿಲುವಂಗಿ) ಜೀನ್ಸ್ ಮೇಲೆ ತೊಟ್ಟರೆ ನೆಲ ಗುಡಿಸುತ್ತದೆ, ನೈಟಿಯಂತೆ ಕಾಣುತ್ತದೆ ಎಂದಿದ್ದೀರಿ. ಅಳತೆ ತಪ್ಪಿಲ್ಲ, ಹೆಂಗಸರ ಕಿಮೋನೊವನ್ನು ಸೊಂಟದಲ್ಲಿ ಮಡಿಚಿ ಉಡಲೆಂದೇ ಉದ್ದವಾಗಿ ಹೊಲಿಯುತ್ತಾರೆ. ಅಂಚನ್ನು ಕಣಕಾಲಿನವರೆಗೆ ಎತ್ತಿ ಸೊಂಟಕ್ಕೆ ದಾರ ಬಿಗಿಯಿರಿ. ಹೆಚ್ಚಾದ ಬಟ್ಟೆ ದಾರದ ಮೇಲೆ ಇಳಿಬೀಳುತ್ತದೆ. ಅದರ ಮೇಲೊಂದು ಅಗಲವಾದ ಚರ್ಮದ ಬೆಲ್ಟ್. ಒಳಗೆ ಒಂದೇ ಬಣ್ಣದ ಉಡುಪಿರಲಿ, ಅಲ್ಲೂ ಚಿತ್ತಾರವಾದರೆ ಕಣ್ಣಿಗೆ ಜಾತ್ರೆ. ಮುಂಭಾಗ ಮುಚ್ಚುವಾಗ ನಿಮ್ಮ ಎಡಗಡೆಯ ಅಂಚೇ ಮೇಲೆ ಬರಬೇಕು. ಬಲ ಮೇಲೆ ಬರುವಂತೆ ಜಪಾನಿನಲ್ಲಿ ಉಡಿಸುವುದು ಶವಕ್ಕೆ! ದಯವಿಟ್ಟು ಕತ್ತರಿ ಮಾತ್ರ ಹಾಕಬೇಡಿ. ಮುಂದಿನ ಸಲ ಹಾವೊರಿ ಹುಡುಕಿ: ಮುಂದೆ ತೆರೆದೇ ಇರುವ ಗಿಡ್ಡ ಮೇಲಂಗಿ. ಜೀನ್ಸ್‌ಗೆ ಹೊಂದುವುದು ನಿಜಕ್ಕೂ ಅದೇ.